ಗಾಲಿ ತಟ್ಟುವವನು ಡ್ರಮ್ಮು ಆರಿಸಿದ್ದು

ಕಿವಿಯಣ್ಣನಿಗೆ ಯಾವುದನ್ನೂ ಒಂದೇ ಸಲಕ್ಕೆ ನಂಬಿ ಅಭ್ಯಾಸವಿಲ್ಲ. ಇದು ಹುಟ್ಟುಗುಣವಲ್ಲ, ಕೆಲಸ ಹತ್ತಿಸಿದ ಗುಣ. ರೈಲು ಡಿಪೋದಲ್ಲಿ ಅವನದು ಗಾಲಿ ತಟ್ಟುವ ಕೆಲಸ. ಬೆಳಿಗ್ಗೆ ಗಾಡಿ ಬಂದು ನಿಂತ ಮೇಲೆ ಉದ್ದ ಹಿಡಿಯ ಸುತ್ತಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ಒಂದು ಮಗ್ಗುಲಲ್ಲಿ ಹೋಗಿ, ಇನ್ನೊಂದು ಮಗ್ಗುಲಲ್ಲಿ ವಾಪಸ್ ಬರಬೇಕು. ಬೋಗಿಗೆ ಎಂಟರಂತೆ ಹದಿನೆಂಟು ಬೋಗಿಗೆ ನೂರಾ ನಲವತ್ತನಾಲ್ಕು ಗಾಲಿ. ಒಂದೊಂದಕ್ಕೂ ಒಂದೊಂದು ಪೆಟ್ಟು. ಗಾಲಿ 'ಠಣ್' ಎಂದು ಎಳೆದು ಹಾಡಿದರೆ ಗಟ್ಟಿಯಾಗಿದೆ ಎಂದರ್ಥ. 'ಟಪ್' ಎಂದು ಅಲ್ಲೇ ಸತ್ತರೆ ಒಳಗೆಲ್ಲೋ ಬಿರುಕಿದೆ, ಗಾಡಿ ನಿಲ್ಲಿಸು. ಮೂವತ್ತು ವರ್ಷದಿಂದ ದಿನಕ್ಕೆ ನೂರಾ ನಲವತ್ತನಾಲ್ಕು ಸಲ ಒಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡವನು ಅವನು: ನೀನು ಒಡೆದಿದ್ದೀಯ, ಇಲ್ಲ ಅನ್ನುವುದಾದರೆ ಬಾಯಿಬಿಟ್ಟು ಹೇಳು. ಹೀಗೆ ಬದುಕಿದವನ ಕೈಗೆ ಯಾರಾದರೂ ಒಂದು ಲೋಟ ಕಾಫಿ ಕೊಟ್ಟರೆ ಮೊದಲು ಲೋಟದ ಮೇಲೆಯೇ ಅನುಮಾನ ಬರುತ್ತದೆ.

ನಿಜಕ್ಕೂ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆಮನೆಯಲ್ಲಿ ಊಟಕ್ಕೆ ಕೂತವನು ಬಡಿಸುವ ಮೊದಲೇ ತಟ್ಟೆಯ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ್ದ. ಅಳಿಯನಿಗೆ ಹಸಿವು ಜಾಸ್ತಿ ಎಂದುಕೊಂಡು ಅತ್ತೆ ಅಂದು ಎರಡೆರಡು ಸಲ ಬಡಿಸಿದರು. ಅಂಗಡಿಯಲ್ಲಿ ಮಡಕೆ, ಪಕ್ಕದ ಮನೆಯವರು ತಂದ ಹೊಸ ಮಂಚ, ಮೊಮ್ಮಗಳ ಸ್ಲೇಟು, ಆಸ್ಪತ್ರೆಯ ಬೆಂಚು, ಎಲ್ಲಕ್ಕೂ ಅವನ ಗೆಣ್ಣಿನ ಒಂದು ಪೆಟ್ಟು ಬಿದ್ದೇ ಬೀಳಬೇಕು. ಡಿಪೋದಲ್ಲಂತೂ ಅವನ ಮಾತಿಗೆ ಎರಡನೇ ಮಾತಿಲ್ಲ. "ಕಿವಿಯಣ್ಣ ತಟ್ಟಾಯ್ತು" ಅಂದರೆ ಆಯಿತು, ಗಾಡಿ ಹೊರಡಬಹುದು. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

ಇಂಥ ಕಿವಿಯಣ್ಣನ ಎಡಗಿವಿ ಹೋಗಿ ಒಂದೂವರೆ ವರ್ಷವಾಗಿತ್ತು.

ಒಂದೇ ದಿನ ಹೋದದ್ದಲ್ಲ. ಮೊದಲು ಕುಕ್ಕರಿನ ಸೀಟಿ ದೂರವಾಯಿತು. ಆಮೇಲೆ ಬಾಗಿಲ ಗಂಟೆ. ಹೆಂಡತಿ ದಿನಕ್ಕೆ ಹತ್ತು ಸಲ "ಹೇಳಿದ್ದು ಕೇಳಿಸಲಿಲ್ವಾ ನಿಮಗೆ?" ಅನ್ನುತ್ತಿದ್ದಳು. ಆದರೆ ಈ ಮಾತನ್ನು ಅವಳು ಮದುವೆಯಾದ ಮೂರನೇ ತಿಂಗಳಿನಿಂದಲೂ ಅನ್ನುತ್ತ ಬಂದಿದ್ದರಿಂದ ಅದನ್ನು ಸಾಕ್ಷಿಯಾಗಿ ಹಿಡಿಯುವಂತಿರಲಿಲ್ಲ. ಅವನು ಉಪಾಯ ಮಾಡಿಕೊಂಡ. ಗಾಲಿಯ ಹತ್ತಿರ ಬಲಗಿವಿ ತಿರುಗಿಸಿ ನಿಲ್ಲುತ್ತಿದ್ದ. ಅನುಮಾನ ಬಂದರೆ ಎರಡು ಪೆಟ್ಟು ಹಾಕುತ್ತಿದ್ದ. ಸುತ್ತಿಗೆಯ ಹಿಡಿಯಲ್ಲಿ ಬರುವ ನಡುಕವನ್ನು ಅಂಗೈಯಿಂದಲೇ ಓದುತ್ತೇನೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದ. ಬಲಗಿವಿಯೂ ಮೊದಲಿನಂತಿಲ್ಲ ಎಂಬ ಯೋಚನೆ ಬಂದಾಗ ಬೇಗ ಬೇರೆ ಏನನ್ನಾದರೂ ಯೋಚಿಸುತ್ತಿದ್ದ. ಗೊತ್ತಾದರೆ ಏನಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುತ್ತಿಗೆ ಕಿತ್ತುಕೊಂಡು ಸ್ಟೋರಿನಲ್ಲಿ ಕೂರಿಸುತ್ತಾರೆ. ಒರೆಸುವ ಬಟ್ಟೆ ಎಣಿಸಿ ಕೊಡುವ ಕೆಲಸ. ಅಲ್ಲಿ ಕೂತ ಮುದುಕನನ್ನು ಯಾರಾದರೂ ಕಿವಿಯಣ್ಣ ಎಂದು ಕರೆದರೆ ಅದು ಬೈಗುಳವಾಗುತ್ತದೆ.

ಅದಕ್ಕೇ ನೋಟೀಸ್ ಬೋರ್ಡಿನಲ್ಲಿ ಆ ಹೊಸ ಕಾಗದ ನೋಡಿದ ದಿನ ಅವನು ಅಲ್ಲೇ ನಿಂತುಬಿಟ್ಟ. ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದ. ಬರುವ ಬುಧವಾರದಿಂದ ಎಂಟು ವಾರ, ಸಂಜೆ ನಾಲ್ಕಕ್ಕೆ, ಹಳೇ ಪೇಂಟ್ ಶೆಡ್ಡಿನಲ್ಲಿ, ನೌಕರರೆಲ್ಲ ಸೇರಿ ಡ್ರಮ್ ಬಾರಿಸುವ ಕಾರ್ಯಕ್ರಮ. ಬಿಪಿ, ಟೆನ್ಷನ್, ನಿದ್ದೆ ಬಾರದಿರುವುದು ಇವಕ್ಕೆಲ್ಲ ಒಳ್ಳೆಯದು, ಒಗ್ಗಟ್ಟೂ ಬೆಳೆಯುತ್ತದೆ. ಟೀ ಬಿಸ್ಕತ್ತು ಉಂಟು. ಐವತ್ತು ದಾಟಿದವರು ತಪ್ಪದೆ ಬರಬೇಕು.

ಐವತ್ತು ದಾಟಿದವರು ಯಾಕೆ? ಡ್ರಮ್ಮೇ ಯಾಕೆ? ಮೂವತ್ತು ವರ್ಷದಲ್ಲಿ ಶೌಚಾಲಯದ ಚಿಲಕ ಸರಿ ಮಾಡಿಸಿಕೊಡದವರಿಗೆ ಇದ್ದಕ್ಕಿದ್ದ ಹಾಗೆ ನನ್ನ ನಿದ್ದೆಯ ಮೇಲೆ ಇಷ್ಟು ಅಕ್ಕರೆ ಎಲ್ಲಿಂದ ಬಂತು? ಮನೆಗೆ ನಡೆಯುತ್ತ ಯೋಚಿಸಿದ, ಊಟ ಮಾಡುತ್ತ ಯೋಚಿಸಿದ, ಕೈ ತೊಳೆಯುವಷ್ಟರಲ್ಲಿ ಹೊಳೆಯಿತು. ಇದು ಕಿವಿ ಪರೀಕ್ಷೆ! ವಯಸ್ಸಾದವರನ್ನು ಒಬ್ಬೊಬ್ಬರಾಗಿ ಡಾಕ್ಟರ ಹತ್ತಿರ ಕಳಿಸಿದರೆ ಯೂನಿಯನ್ನಿನವರು ಗಲಾಟೆ ಮಾಡುತ್ತಾರೆ. ಎಲ್ಲರನ್ನೂ ಸುತ್ತ ಕೂರಿಸಿ, ಕೈಗೊಂದು ಡ್ರಮ್ಮು ಕೊಟ್ಟು, ತಾಳ ತಪ್ಪಿದವನ ಹೆಸರು ಬರೆದುಕೊಂಡರೆ ಮುಗಿಯಿತು. ಟೀ ಬಿಸ್ಕತ್ತು ಬರೀ ಗಾಳದ ಹುಳ.

"ಡ್ರಮ್ಮು ಬಾರಿಸಿದ್ರೆ ಬಿಪಿ ಇಳಿಯುತ್ತಂತೆ," ಎಂದ ಹೆಂಡತಿಗೆ, ಹಲ್ಲು ಕಡಿಯುತ್ತ.

"ಇಳಿದ್ರೆ ಒಳ್ಳೇದೇ ಆಯ್ತಲ್ಲ. ನೀವು ಅಲ್ಲಿ ಬಾರಿಸಿ ಬಂದ್ರೆ ಇಲ್ಲಿ ನನ್ನ ಪಾತ್ರೆ ಬಾರಿಸೋದಾದ್ರೂ ತಪ್ಪುತ್ತೆ," ಎಂದಳು ಅವಳು.

ಬುಧವಾರ ಬಂತು. ಪೇಂಟ್ ಶೆಡ್ಡಿನ ನೆಲದ ಮೇಲೆ ಹತ್ತು ಬಗೆಯ ಬಣ್ಣ ಒಣಗಿ ಕೂತಿತ್ತು, ಅದರ ಮೇಲೆ ಇಪ್ಪತ್ತು ಕುರ್ಚಿ ದುಂಡಗೆ ಹಾಕಿದ್ದರು. ಕಲಿಸಲು ಬಂದವಳು ನಲವತ್ತರ ಆಸುಪಾಸಿನ ಹೆಂಗಸು, ಕತ್ತರಿಸಿದ ಕೂದಲು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಎಲ್ಲರೂ ಅವಳನ್ನು ಡ್ರಮ್ ಮೇಡಂ ಎಂದರು. ಅವಳ ತೊಡೆಯ ಮೇಲೆ ಒಂದು ನೋಟ್‌ಬುಕ್ಕು ಇತ್ತು. ಕಿವಿಯಣ್ಣ ಅದನ್ನು ಮೊದಲು ಗುರುತು ಹಾಕಿಕೊಂಡ. ಡಿಸ್ಪೆನ್ಸರಿಯ ನರ್ಸು ಬಿಪಿ ಮೆಷಿನ್ನು ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದಳು. ಫೋರ್‌ಮನ್ ಬಾಗಿಲಲ್ಲಿ ನಿಂತು ನಗುತ್ತಿದ್ದ. ಫೋರ್‌ಮನ್ ನಕ್ಕದ್ದು ಯಾವ ಕಾಲಕ್ಕೂ ಒಳ್ಳೆಯ ಲಕ್ಷಣವಲ್ಲ.

ಗೋಡೆಗೆ ಸಾಲಾಗಿ ಡ್ರಮ್ಮುಗಳನ್ನು ಇಟ್ಟಿದ್ದರು. ಮರದ ಮೈ, ಮೇಲೆ ಚರ್ಮ, ನಡುವಿಗೆ ಹಗ್ಗದ ಪಟ್ಟಿ. ಉಳಿದವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರೆ ಕಿವಿಯಣ್ಣ ಮಾತ್ರ ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಬಲಗಿವಿ ಹತ್ತಿರ ಹಿಡಿದು, ಗೆಣ್ಣಿನಿಂದ ಮರದ ಮೈ ತಟ್ಟುತ್ತ ಹೋದ. ಎಲ್ಲರೂ ನೋಡುತ್ತಿದ್ದರು. ನೋಡಲಿ ಎಂದೇ ಅವನು ಅಷ್ಟು ನಿಧಾನ ಮಾಡಿದ್ದು. ಏಳನೆಯದನ್ನು ಎರಡು ಸಲ ತಟ್ಟಿ, ತಲೆದೂಗಿ, ಎತ್ತಿಕೊಂಡ.

"ಕಿವಿಯಣ್ಣ ಪಾಸ್ ಮಾಡಿದ ಡ್ರಮ್ಮು! ಇನ್ನೇನು ಗಾಡಿ ಬಿಡಬಹುದು," ಎಂದು ಯಾರೋ ಕೂಗಿದರು, ಶೆಡ್ಡೆಲ್ಲ ನಕ್ಕಿತು. ಅವನಿಗೂ ಒಳಗೊಳಗೆ ಹಿತವಾಯಿತು.

ಮೇಡಮ್ಮಿನ ಕಡೆಗೆ ಬಲಗಿವಿ ಬರುವ ಹಾಗೆ ಕುರ್ಚಿ ಹಿಡಿದು ಕೂತ. ಅಷ್ಟರಲ್ಲಿ ಎಡಗಡೆಯ ಕುರ್ಚಿಗೆ ಗ್ರೀಸಕ್ಕ ಬಂದು ಕೂತಳು. ಅವನ ಹುಬ್ಬು ಗಂಟಾಯಿತು.

ಗ್ರೀಸಕ್ಕನ ಮೇಲೆ ಅವನಿಗೆ ಇದ್ದದ್ದು ಸಾಮಾನ್ಯ ಅನುಮಾನವಲ್ಲ, ತಿಂಗಳುಗಟ್ಟಲೆ ಕೂಡಿಟ್ಟ ಅನುಮಾನ. ಅವಳು ಗಾಲಿಯ ಅಚ್ಚಿಗೆ ಗ್ರೀಸು ತುಂಬುವವಳು. ಗಂಡ ತೀರಿಕೊಂಡ ಮೇಲೆ ಆ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ. ಅಷ್ಟೂ ವರ್ಷ ಅವಳು ಡಬ್ಬ ಹಿಡಿದು ಮುಂದೆ ಹೋಗುತ್ತಿದ್ದಳು, ಅವನು ಸುತ್ತಿಗೆ ಹಿಡಿದು ಹಿಂದೆ ಬರುತ್ತಿದ್ದ. ಎಂಟು ತಿಂಗಳ ಹಿಂದೆ ಏನಾಯಿತೋ, "ನೀವು ಮುಂದೆ ಹೋಗಿ ಅಣ್ಣ, ನನಗೆ ಮಂಡಿ ನೋವು, ನಿಧಾನ ಆಗುತ್ತೆ" ಎಂದು ಹಿಂದೆ ಉಳಿಯತೊಡಗಿದಳು. ಮಂಡಿ ನೋವಿನವಳು ರೈಲು ಹಳಿ ದಾಟುವಾಗ ಜಿಗಿದು ದಾಟುವುದನ್ನು ಅವನು ಕಣ್ಣಾರೆ ಕಂಡಿದ್ದ. ಒಂದು ದಿನ ತಟ್ಟನೆ ತಿರುಗಿ ನೋಡಿದರೆ ಎರಡು ಬೋಗಿ ಹಿಂದೆ ನಿಂತವಳ ಕೈಯಲ್ಲಿ ದೊಡ್ಡ ಸ್ಪ್ಯಾನರು! ಗ್ರೀಸು ತುಂಬಲು ಸ್ಪ್ಯಾನರು ಯಾಕೆ? ಅವನು ನೋಡಿದ ಕೂಡಲೇ ಬೆನ್ನ ಹಿಂದೆ ಮರೆಮಾಡಿದಳು. ಹಿಂದೆ ಉಳಿಯತೊಡಗಿದ ವಾರವೇ ಫೋರ್‌ಮನ್ ಹತ್ತಿರ ಹೇಳಿ ತನ್ನ ವಾರದ ರಜೆಯನ್ನು ಅವನ ರಜೆಯ ದಿನಕ್ಕೇ ಬದಲಾಯಿಸಿಕೊಂಡಳು. ಮೈ ಸುಡುವ ಜ್ವರ ಬಂದಾಗಲೂ ತಲೆಗೆ ಟವೆಲ್ ಸುತ್ತಿಕೊಂಡು ಕೆಲಸಕ್ಕೆ ಬಂದಿದ್ದಳು. ಇಷ್ಟೆಲ್ಲ ನಿಷ್ಠೆ ಯಾಕೆ ಎಂಬುದನ್ನು ತಿಳಿಯಲು ದೊಡ್ಡ ಬುದ್ಧಿ ಬೇಕಾಗಿರಲಿಲ್ಲ. ಸುತ್ತಿಗೆಯ ಮೇಲೆ ಅವಳ ಕಣ್ಣು ಬಿದ್ದಿದೆ. ಅವನನ್ನು ಹಿಂಬಾಲಿಸಿ ತಪ್ಪು ಹಿಡಿಯಲು ಫೋರ್‌ಮನ್ನನೇ ಅವಳನ್ನು ಬಿಟ್ಟಿದ್ದಾನೆ.

ಫೋರ್‌ಮನ್ನನ ಮೇಲಿನ ಅನುಮಾನಕ್ಕೂ ಕಾರಣವಿತ್ತು. ಕೆಲವು ತಿಂಗಳ ಹಿಂದೆ ಆ ಪುಣ್ಯಾತ್ಮ ಎಲ್ಲರೆದುರು ಅವನ ಬೆನ್ನು ತಟ್ಟಿ, "ಭೇಷ್ ಕಿವಿಯಣ್ಣ, ಒಂಬತ್ತನೇ ಬೋಗಿಯ ಗಾಲಿ ಚೆನ್ನಾಗಿ ಹಿಡಿದ್ರಿ. ಕೂದಲೆಳೆಯಷ್ಟು ಬಿರುಕು, ನಿಮ್ಮ ಕಿವಿಗಲ್ಲದೆ ಬೇರೆ ಯಾರಿಗೂ ಸಿಗ್ತಿರಲಿಲ್ಲ" ಎಂದಿದ್ದ. ಕಿವಿಯಣ್ಣ ಯಾವ ಗಾಲಿಯನ್ನೂ ಹಿಡಿದಿರಲಿಲ್ಲ. ಆದರೆ ಇಲ್ಲ ಅಂದರೆ ಹಾಗಾದರೆ ಯಾರು ಎಂದು ಕೇಳುತ್ತಾರೆ, ಹೌದು ಅಂದರೆ ಸುಳ್ಳಾಗುತ್ತದೆ. ಅವನು ಕೆಮ್ಮಿ ಸುಮ್ಮನಾದ. ಬೇಕಂತಲೇ ಕೆಣಕಿ ನೋಡುತ್ತಿದ್ದಾನೆ ಎಂದು ತೀರ್ಮಾನಿಸಿದ. ಆಮೇಲೆ ಇನ್ನೊಮ್ಮೆಯೂ ಹಾಗೇ ಹೊಗಳಿದಾಗ ಅನುಮಾನ ಗಟ್ಟಿಯಾಯಿತು.

ಡ್ರಮ್ ಮೇಡಂ ಮೊದಲು ಎದೆಬಡಿತದ ತಾಳ ಹೇಳಿಕೊಟ್ಟಳು. ದುಬ್, ದುಬ್. ಪಕ್ಕದವರ ಕೈ ನೋಡಿ ಬಾರಿಸಿ ಎಂದಳು. ಅಷ್ಟೇನಾ, ಕೈ ನೋಡಿ ಬಾರಿಸಲು ಕಿವಿ ಬೇಡ ಎಂದು ಕಿವಿಯಣ್ಣ ಉಸಿರು ಬಿಟ್ಟ. ಐದು ನಿಮಿಷವಾಗಿತ್ತೋ ಇಲ್ಲವೋ, "ಈಗ ಎಲ್ಲರೂ ಕಣ್ಣು ಮುಚ್ಚಿ" ಎಂದಳು. ಬಂತಲ್ಲ ಅಸಲು ವಿಷಯ! ಅವನು ಒಂದು ಕಣ್ಣು ಮಾತ್ರ ಮುಚ್ಚಿದ. ಮೇಡಂ ನೋಡಿ, "ಎರಡೂ ಮುಚ್ಚಿ ಅಣ್ಣ, ಯಾರೂ ನಿಮ್ಮ ಟೀ ಕುಡಿದು ಬಿಡಲ್ಲ" ಎಂದಳು. ಬೇರೆ ದಾರಿಯಿರಲಿಲ್ಲ.

ಕತ್ತಲಲ್ಲಿ ಅವನಿಗೆ ಮೊದಲು ಬರೀ ಭಯವಾಯಿತು. ಬಲಗಿವಿಗೆ ಬೀಳುತ್ತಿದ್ದದ್ದು ಕಲಸಿದ ಹಿಟ್ಟಿನಂಥ ಶಬ್ದ. ಎಡಗಡೆ ಪೂರಾ ಬರಿದು. ಆಮೇಲೆ ನಿಧಾನವಾಗಿ ಅಂಗಾಲಿನ ಕೆಳಗೆ ಏನೋ ಗೊತ್ತಾಯಿತು. ಇಪ್ಪತ್ತು ಡ್ರಮ್ಮಿನ ಪೆಟ್ಟು ಸಿಮೆಂಟು ನೆಲಕ್ಕಿಳಿದು, ಕುರ್ಚಿಯ ಕಾಲು ಹತ್ತಿ, ಅವನ ಪಕ್ಕೆಲುಬಿಗೆ ಬಂದು ಸೇರುತ್ತಿತ್ತು. ಕೈ ತಾನಾಗಿಯೇ ಹೋಗಿ ಅದರ ಜೊತೆ ಬಿತ್ತು. ತಪ್ಪಲಿಲ್ಲ. ಮತ್ತೆ ಬಿತ್ತು, ಮತ್ತೂ ತಪ್ಪಲಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಹತ್ತು ಜನರ ಮಧ್ಯೆ ಕೂತಿದ್ದೇನೆ ಅನ್ನಿಸಿತು. ಖುಷಿಯಾಯಿತು, ಖುಷಿಯಾದ್ದಕ್ಕೇ ಮತ್ತಷ್ಟು ಅನುಮಾನವೂ ಆಯಿತು. ಇದರಲ್ಲಿ ಏನೋ ಇದೆ.

ಮುಗಿದ ಮೇಲೆ ನರ್ಸು ಬಿಪಿ ನೋಡಿದಳು. ಬರುವಾಗ ನೂರಾ ಎಪ್ಪತ್ತು ಇದ್ದದ್ದು ನೂರಾ ನಲವತ್ತೆರಡಕ್ಕೆ ಇಳಿದಿತ್ತು.

"ನಿನ್ನ ಮೆಷಿನ್ ಕೆಟ್ಟಿದೆ," ಎಂದ ಕಿವಿಯಣ್ಣ.

"ಕೆಟ್ಟಿಲ್ಲ ಅಣ್ಣ."

"ಎಲ್ಲಿ, ನಿನ್ನದೇ ನೋಡು ಮತ್ತೆ."

ಅವಳು ತನ್ನ ಬಿಪಿ ತಾನೇ ನೋಡಿಕೊಂಡಳು. ಸರಿಯಾಗಿತ್ತು. ಅವನು ಬಿಡಲಿಲ್ಲ. ಬಾಗಿಲಲ್ಲಿದ್ದ ಫೋರ್‌ಮನ್ನನನ್ನು ಕರೆದು ಕೂರಿಸಿ ಅವನದ್ದೂ ನೋಡಿಸಿದ. ಫೋರ್‌ಮನ್ನನದ್ದು ನೂರಾ ಎಂಬತ್ತು ಬಂತು. ನಗುತ್ತ ನಿಂತಿದ್ದವನ ಮುಖ ಸಣ್ಣದಾಯಿತು, ಮುಂದಿನ ಬುಧವಾರದಿಂದ ಅವನೂ ಒಂದು ಡ್ರಮ್ಮು ಹಿಡಿದು ಕೂತ. ಮೆಷಿನ್ ಸರಿ ಇದೆ ಎಂದು ಕಿವಿಯಣ್ಣ ಒಪ್ಪಿಕೊಂಡ. ಆದರೆ ಇಳಿದದ್ದು ಡ್ರಮ್ಮಿನಿಂದಲೇ ಎಂದು ಹೇಗೆ ಹೇಳುವುದು? ಒಂದು ಗಂಟೆ ಕುರ್ಚಿಯ ಮೇಲೆ ಕೂತರೆ ಯಾರ ಬಿಪಿಯಾದರೂ ಇಳಿಯುತ್ತದೆ. ನರ್ಸೂ, "ಇರಬಹುದು ಅಣ್ಣ, ನಾನೇನು ಡಾಕ್ಟರಾ? ಕೆಲವರಿಗೆ ಇಳೀತಿದೆ, ಕೆಲವರಿಗೆ ಇಲ್ಲ" ಎಂದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದೂ ಅವನಿಗೆ ಸರಿ ಬೀಳಲಿಲ್ಲ.

ವಾರಗಳು ಕಳೆದವು. ಅವನಿಗೆ ಗೊತ್ತಿಲ್ಲದೆ ಕೆಲವು ಬದಲಾವಣೆಗಳಾದವು, ಗೊತ್ತಾದಾಗ ಅವನು ಅವನ್ನೆಲ್ಲ ತನಿಖೆಗೆ ಒಳಪಡಿಸಿದ. ಬುಧವಾರದ ರಾತ್ರಿ ಹಾಸಿಗೆಗೆ ಬಿದ್ದವನು ಬೆಳಿಗ್ಗೆಯೇ ಏಳುತ್ತಿದ್ದ. ನೀರಿನ ನಲ್ಲಿಯ ವಿಷಯಕ್ಕೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ವೆಲ್ಡಿಂಗಿನವನನ್ನು ನಾಲ್ಕನೇ ವಾರ ಮೇಡಂ ಅವನ ಎದುರಿಗೆ ಕೂರಿಸಿ, ಉಳಿದವರೆಲ್ಲ ಎದೆಬಡಿತದ ತಾಳ ಹಿಡಿದಿರಲಿ, ನಿಮ್ಮಲ್ಲಿ ಒಬ್ಬರು ಕೇಳಿದ ಹಾಗೆ ಬಾರಿಸಿ, ಇನ್ನೊಬ್ಬರು ಉತ್ತರ ಕೊಡಿ ಎಂದಳು. ಇಬ್ಬರೂ ಮುಖ ಗಂಟಿಕ್ಕಿಕೊಂಡು ಶುರು ಮಾಡಿದರು. ಮೊದಲ ಹತ್ತು ಪೆಟ್ಟು ಶುದ್ಧ ಜಗಳ. ವೆಲ್ಡಿಂಗಿನವನು ನಾಲ್ಕು ಕೊಟ್ಟರೆ ಇವನು ಆರು ಕೊಡುತ್ತಿದ್ದ. ಹಾಗೇ ಏರುತ್ತ ಏರುತ್ತ ಇಬ್ಬರಿಗೂ ಉಸಿರು ಕಟ್ಟಿ, ಒಟ್ಟಿಗೆ ನಿಲ್ಲಿಸಿ, ಒಟ್ಟಿಗೆ ನಕ್ಕರು. ಟೀ ಕುಡಿಯುವಾಗ ವೆಲ್ಡಿಂಗಿನವನು, "ಅವತ್ತು ನಲ್ಲಿ ಮುರಿದಿದ್ದು ನಾನೇ ಮಾರಾಯ" ಎಂದ. ಕಿವಿಯಣ್ಣನಿಗೆ ಅದು ಮೊದಲಿನಿಂದ ಗೊತ್ತಿತ್ತು, ಆದರೂ ಕೇಳಿ ಕಣ್ಣು ಒದ್ದೆಯಾಯಿತು.

ಮನೆಯಲ್ಲಿ ಹೆಂಡತಿ ಅವನನ್ನು ಓರೆಗಣ್ಣಿನಿಂದ ನೋಡತೊಡಗಿದ್ದಳು. "ಬುಧವಾರ ಬುಧವಾರ ಒಗೆದ ಅಂಗಿನೇ ಬೇಕು ನಿಮಗೆ. ನಾನು ಹೇಳಿದ್ದನ್ನ ತಿರುಗಿ ಕೂತು ಕೇಳಿಸ್ಕೊಳ್ತೀರ. ಏನ್ರೀ ಸಮಾಚಾರ? ಆ ಡ್ರಮ್ಮಿನವಳು ನೋಡೋಕೆ ಹೇಗಿದ್ದಾಳೆ?"

"ಥೂ, ವಯಸ್ಸಿಗೆ ತಕ್ಕ ಮಾತಾಡು," ಎಂದ ಅವನು. ತನ್ನ ಮೇಲೂ ಒಬ್ಬರು ಅನುಮಾನ ಪಡುತ್ತಾರಲ್ಲ ಎಂದು ಅವತ್ತು ಅವನಿಗೆ ಸಣ್ಣ ಹೆಮ್ಮೆಯೇ ಆಯಿತು ಅನ್ನಬೇಕು.

ಆರನೇ ಬುಧವಾರ ಮೇಡಂ ಹೊಸ ಆಟ ತೆಗೆದಳು. ಒಬ್ಬರು ಒಂದು ಪೆಟ್ಟು ಹಾಕಬೇಕು, ಪಕ್ಕದವರು ಅದನ್ನು ತೆಗೆದುಕೊಂಡು ಮುಂದಿನವರಿಗೆ ಕೊಡಬೇಕು. ಒಂದೊಂದೇ ಪೆಟ್ಟು ಸುತ್ತ ತಿರುಗಿ ಬರಬೇಕು. ಫೋರ್‌ಮನ್ ಹಾಕಿದ, ವೆಲ್ಡಿಂಗಿನವನು ಹಾಕಿದ, ಮೂಲೆ ಬಿಟ್ಟು ಬಂದು ಕೂತಿದ್ದ ನರ್ಸೂ ಹಾಕಿದಳು. ಒಂದೊಂದೂ ಹಿಂದಿನವರ ಕೈಯಿಂದ ಜಾರಿ ಬಂದ ಹಾಗೆ ನಯವಾಗಿ ಬರುತ್ತಿತ್ತು. ಗ್ರೀಸಕ್ಕ ಹಾಕಿದಳು. ಕಿವಿಯಣ್ಣ ಅವಳ ಕೈ ಕೆಳಗಿಳಿದದ್ದನ್ನು ನೋಡಿಕೊಂಡು ತನ್ನದನ್ನು ಹಾಕಿದ. ತಾಳ ಸರಿಯಾಗಿಯೇ ಇತ್ತು.

ಆದರೆ ಅವನ ಬಲಗಡೆಯವನು ಪೆಟ್ಟು ತೆಗೆದುಕೊಳ್ಳಲಿಲ್ಲ. ತಲೆ ಬಗ್ಗಿಸಿದ. ಎದುರಿಗೆ ಕೂತಿದ್ದ ನಾಲ್ಕೈದು ಜನ ಬೇರೆ ಎಲ್ಲೋ ನೋಡತೊಡಗಿದರು.

"ಇನ್ನೊಂದು ಸಲ ಹಾಕಿ ಅಣ್ಣ," ಎಂದಳು ಮೇಡಂ.

ಹಾಕಿದ. ಅವಳು ಎದ್ದು ಬಂದು ಅವನ ಮುಂದೆ ಕೂತು, ಡ್ರಮ್ಮನ್ನು ಓರೆ ಮಾಡಿ, ಹಗ್ಗದ ಪಟ್ಟಿಯನ್ನು ಎರಡು ಬೆರಳಿನಿಂದ ಸರಿಸಿದಳು. ಅಂಚಿನಿಂದ ಬುಡದವರೆಗೆ ಮರ ಸೀಳಿತ್ತು. ಉಗುರು ಒಳಗೆ ಹೋಗುವಷ್ಟು ಸೀಳು.

"ಅಯ್ಯೋ, ಎಲ್ಲೋ ಒಂದು ಕಡೆ ಗರಗರ ಅಂತಿದೆ ಅಂತ ಅವತ್ತಿಂದ ಹುಡುಕ್ತಾನೇ ಇದ್ದೆ. ಇಪ್ಪತ್ತರಲ್ಲಿ ಯಾವುದು ಅಂತ ಸಿಕ್ಕಿರಲಿಲ್ಲ. ನಿಮಗೆ ಗೊತ್ತಾಗ್ಲಿಲ್ವಾ ಅಣ್ಣ?"

ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಉತ್ತರ ಕೊಟ್ಟದ್ದು ವೆಲ್ಡಿಂಗಿನವನು. "ಮೊದಲ ದಿನದಿಂದ ಹಾಗೇ ಇದೆ ಮೇಡಂ. ನಮಗೆಲ್ಲ ಕೇಳಿಸ್ತಿತ್ತು. ಆದ್ರೆ ಕಿವಿಯಣ್ಣ ತಟ್ಟಿ ಆರಿಸಿದ್ದು ನೋಡಿ. ಅವನಿಗೆ ಸರಿ ಅನ್ನಿಸಿದ್ದು ನಮಗೆ ತಪ್ಪು ಅನ್ನಿಸಿದ್ರೆ, ತಪ್ಪು ನಮ್ಮ ಕಿವೀದೇ ಇರಬೇಕು ಅಂದ್ಕೊಂಡ್ವಿ."

ಇಪ್ಪತ್ತು ಡ್ರಮ್ಮಿನಲ್ಲಿ ಒಡೆದಿದ್ದ ಒಂದೇ ಒಂದನ್ನು ತಟ್ಟಿ ಹುಡುಕಿ, ತಲೆದೂಗಿ, ಪಾಸು ಮಾಡಿದ್ದ ಅವನು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅದಕ್ಕಿಂತ ದೊಡ್ಡದೊಂದು ಬಂದು ಎದೆಯ ಮೇಲೆ ಕೂತಿತ್ತು. ಇವತ್ತು ಬೆಳಿಗ್ಗೆ ಪಾಸು ಮಾಡಿದ ನೂರಾ ನಲವತ್ತನಾಲ್ಕು ಗಾಲಿಗಳು ಮೂರನೇ ಲೈನಿನಲ್ಲಿ ನಿಂತಿವೆ. ಗಾಡಿ ಆರೂವರೆಗೆ ಹೊರಡುತ್ತದೆ. ಅದರಲ್ಲಿ ಜನ ಕೂರುತ್ತಾರೆ. ಈ ಒಂದೂವರೆ ವರ್ಷ ದಿನಾ ಕೂತಿದ್ದಾರೆ.

ಡ್ರಮ್ಮನ್ನು ಕುರ್ಚಿಯ ಮೇಲಿಟ್ಟು ಎದ್ದ. ಯಾರೋ ಕರೆದರು, ಅವನು ತಿರುಗಲಿಲ್ಲ. ರ‍್ಯಾಕಿನಿಂದ ಸುತ್ತಿಗೆ ತೆಗೆದುಕೊಂಡು ಮೂರನೇ ಲೈನಿಗೆ ಬಂದ. ಇನ್ನೂ ಬಿಸಿಲಿತ್ತು. ಬೋಗಿ ತೊಳೆದ ನೀರು ಹಳಿಯ ಮಧ್ಯೆ ನಿಂತು ಹೊಳೆಯುತ್ತಿತ್ತು. ಮೊದಲ ಗಾಲಿಗೆ ಪೆಟ್ಟು ಹಾಕಿದ. ಠಣ್ ಅಂದಿತೋ ಟಪ್ ಅಂದಿತೋ? ಠಣ್ ಅಂದ ಹಾಗಿತ್ತು. ಎಷ್ಟು ದಿನದಿಂದ 'ಅಂದ ಹಾಗಿತ್ತು' ಎಂದುಕೊಂಡೇ ಮುಂದೆ ಹೋಗುತ್ತಿದ್ದೇನೆ ಎಂದು ಅವನಿಗೆ ಹೊಳೆಯಿತು. ಅಲ್ಲೇ ಹಳಿಯ ಮೇಲೆ ಕುಸಿದು ಕೂತ.

ಎದುರಿಗೆ ಗ್ರೀಸು ಮೆತ್ತಿದ ಎರಡು ಕಾಲು ಬಂದು ನಿಂತವು.

"ಎಲ್ಲ ಮತ್ತೆ ತಟ್ಟಬೇಕು," ಎಂದ ತಲೆಯೆತ್ತದೆ. "ಬೇರೆ ಯಾರನ್ನಾದ್ರೂ ಕರೀ. ಗಾಡಿ ಬಿಡಬೇಡಿ ಅಂತ ಹೇಳು. ನನಗೆ ಕಿವಿ ಕೇಳ್ಸಲ್ಲ. ಹೋಗು, ಹೇಳು ಹೋಗು, ಇದನ್ನೇ ಕಾಯ್ತಿದ್ದೆ ಅಲ್ವಾ ನೀನು?"

ಗ್ರೀಸಕ್ಕ ಅವನ ಬಲಗಡೆಗೆ ಸುತ್ತಿ ಬಂದು ಕೂತಳು. "ತಟ್ಟಿಯಾಗಿದೆ ಅಣ್ಣ."

"ಯಾರು ತಟ್ಟಿದ್ದು?"

ಅವಳು ಸೊಂಟದ ಚೀಲದಿಂದ ಸ್ಪ್ಯಾನರು ತೆಗೆದು ಇಬ್ಬರ ಮಧ್ಯೆ ಇಟ್ಟಳು. "ಹದಿನಾಲ್ಕು ವರ್ಷ ನಿಮ್ಮ ಮುಂದೆ ನಡೆದಿದ್ದೀನಿ. ಹಿಂದಿನಿಂದ ದಿನಾ ಅದೇ ಠಣ್ ಕೇಳಿ ಕೇಳಿ, ಯಾವುದು ಸರಿ ಯಾವುದು ತಪ್ಪು ಅಂತ ನನಗೂ ಬಂತು. ಒಂದಿನ ಒಂದು ಗಾಲಿ ಟಪ್ ಅಂತು, ನೀವು ಮುಂದೆ ಹೋದ್ರಿ. ಅವತ್ತಿಂದ ನಾನು ಹಿಂದೆ ಉಳ್ಕೊಂಡೆ."

ಎಂಟು ತಿಂಗಳು! ಎಂಟು ತಿಂಗಳು ಅವನ ಬೆನ್ನ ಹಿಂದೆ, ಎರಡೇ ಬೋಗಿ ದೂರದಲ್ಲಿ, ಸ್ಪ್ಯಾನರಿನ ಪೆಟ್ಟಿಗೆ ದಿನಾ ನೂರಾ ನಲವತ್ತನಾಲ್ಕು ಗಾಲಿ ಹಾಡಿವೆ. ಒಂದೂ ಅವನಿಗೆ ಕೇಳಿಸಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?" ಅವನ ದನಿ ಏರಿತು. "ಫೋರ್‌ಮನ್‌ಗೆ ಯಾಕೆ ಹೇಳ್ಲಿಲ್ಲ? ಆಟ ಅಂದ್ಕೊಂಡಿದ್ದೀಯಾ ಇದು? ಜನ ಕೂರೋ ಗಾಡಿ!"

"ಹೇಳಿದ್ರೆ ನೀವು ನಂಬ್ತಿದ್ರಾ? ಸುತ್ತಿಗೆ ಕಿತ್ಕೊಳ್ಳೋಕೆ ಬಂದಿದ್ದಾಳೆ ಅಂತಿದ್ರಿ." ಅವಳು ಸ್ಪ್ಯಾನರನ್ನು ಬೆರಳಿನಿಂದ ಮಗುಚಿದಳು. "ಫೋರ್‌ಮನ್‌ಗೆ ಹೇಳೋದು ಸರಿಯಾಗಿತ್ತು, ತಪ್ಪು ನಂದೇ. ಬಾಯಿ ಬರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಯಾರೂ ಪಕ್ಕ ಕೂತು ಊಟ ಮಾಡಿರಲಿಲ್ಲ ಅಣ್ಣ, ನೀವೊಬ್ಬರೇ ಕೂತಿದ್ರಿ. ನನ್ನ ಊಟದ ಡಬ್ಬೀನ ಒಂದು ಸಲ ತಟ್ಟಿ ನೋಡಿದ್ರಿ, ಅಷ್ಟೇ."

"ಸಿಕ್ಕಿದ್ವಾ?" ಎಂದ ಅವನು, ಸ್ಪ್ಯಾನರನ್ನು ಕೈಗೆತ್ತಿಕೊಂಡು. "ನಾನು ಬಿಟ್ಟಿದ್ದು ಎಷ್ಟು ಸಿಕ್ತು ನಿನಗೆ?"

"ಎರಡು."

"ಒಂಬತ್ತನೇ ಬೋಗಿ..."

"ಹೂಂ, ಅವತ್ತು ಟಪ್ ಅಂದಿದ್ದು ಅದೇ. ಆಮೇಲೆ ಹದಿನಾಲ್ಕನೇದು. ಕಿವಿಯಣ್ಣ ಹೇಳಿದ್ರು ಅಂತ ಫೋರ್‌ಮನ್‌ಗೆ ಹೇಳ್ದೆ. ಗಾಲಿ ಬದಲಾಯಿಸಿದ್ರು."

ಎರಡು ಗಾಲಿ ಎಂದರೆ ಏನು ಎಂದು ಆ ಡಿಪೋದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆ ಎರಡಕ್ಕೂ ಅವನ ಬೆನ್ನಿಗೆ ಭೇಷ್ ಬಿದ್ದಿತ್ತು, ಅವನು ಕೆಮ್ಮಿದ್ದ. ಮತ್ತೊಂದು ಪ್ರಶ್ನೆ ಉಳಿದಿತ್ತು. ಕೇಳಲು ಹೆದರಿಕೆಯಾಯಿತು, ಆದರೂ ಕೇಳಿದ. "ನೀನು ರಜಾ ಹಾಕಿದ ದಿನ?"

"ಹಾಕಿಲ್ಲ. ವಾರದ ರಜೆ ನಿಮ್ಮ ದಿನಕ್ಕೇ ಮಾಡಿಸ್ಕೊಂಡೆ."

"ಜ್ವರ ಬಂದಾಗ..."

"ಬಂದಿದ್ದೆ ಅಲ್ವಾ. ನೋಡಿದ್ರಲ್ಲ ನೀವು."

ಅವನು ನೋಡಿದ್ದ. ತಲೆಗೆ ಟವೆಲ್ ಸುತ್ತಿಕೊಂಡವಳನ್ನು ನೋಡಿ, ಬಡ್ತಿಗೆ ಹೇಗೆ ಒದ್ದಾಡುತ್ತಾಳೆ ನೋಡು ಎಂದು ಮನಸ್ಸಿನಲ್ಲೇ ಮೂಗು ಮುರಿದಿದ್ದ. ಈಗ ಮುಖ ಮುಚ್ಚಿಕೊಂಡು ಅತ್ತ. ಅಳುತ್ತಲೇ, "ಡ್ರಮ್ಮು ಒಡೆದಿದ್ದೂ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು. ಡ್ರಮ್ಮು ಒಡೆದ್ರೆ ಯಾರೂ ಸಾಯಲ್ಲ ಅಂತ ಬಿಟ್ಟೆ."

ಇಬ್ಬರೂ ಒಟ್ಟಿಗೆ ಫೋರ್‌ಮನ್ನನ ಕೋಣೆಗೆ ಹೋದರು. ಕಿವಿಯಣ್ಣ ನಿಂತುಕೊಂಡೇ ಎಲ್ಲ ಹೇಳಿದ. ಕಿವಿಯ ವಿಷಯ, ಎರಡು ಗಾಲಿ ಯಾರು ಹಿಡಿದದ್ದು, ಒಂದೂವರೆ ವರ್ಷದಲ್ಲಿ ಅವಳು ಹಿಂದೆ ಇಲ್ಲದಿದ್ದ ಮೊದಲ ಹತ್ತು ತಿಂಗಳ ಗಾಡಿಗಳನ್ನೆಲ್ಲ ಹುಡುಕಿ ಮತ್ತೆ ತಟ್ಟಿಸಬೇಕು ಎಂಬುದು. ಫೋರ್‌ಮನ್ ಕೂಗಾಡಿದ. ಇಬ್ಬರಿಗೂ ಬೈದ. ಬೈಯುವುದು ನ್ಯಾಯವಾಗಿತ್ತು, ಇಬ್ಬರೂ ಕೇಳಿಸಿಕೊಂಡರು. ಆರೂವರೆಯ ಗಾಡಿ ಅಂದು ಇನ್ನೊಬ್ಬರು ಬಂದು ತಟ್ಟಿದ ಮೇಲೆ, ತಡವಾಗಿ ಹೊರಟಿತು. ಒಂದು ಗಾಲಿಯೂ ತಪ್ಪು ಸಿಗಲಿಲ್ಲ.

"ಅಂದ್ರೆ ಈ ಡ್ರಮ್ಮು ಕಿವಿ ಪರೀಕ್ಷೆಗೆ ಅಲ್ವಾ?" ಎಂದು ಹೊರಡುವಾಗ ಕೇಳಿದ ಕಿವಿಯಣ್ಣ.

"ಕಿವಿ ನೋಡೋಕೆ ನನಗೆ ಡ್ರಮ್ಮು ಯಾಕ್ರೀ ಬೇಕು? ಬಿಪಿಗೆ ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತಲ್ಲ!" ಎಂದ ಫೋರ್‌ಮನ್, ಕತ್ತಿನ ನರ ಉಬ್ಬಿಸಿಕೊಂಡು. ಅವನಿಗೆ ಬುಧವಾರ ಇನ್ನಷ್ಟು ಬೇಕಾಗಿತ್ತು.

ಪರೀಕ್ಷೆ ಕೊಟ್ಟು ಪಾಸಾಗುವ ತನಕ ಸುತ್ತಿಗೆ ಗ್ರೀಸಕ್ಕನ ಕೈಗೆ ಬರಲಿಲ್ಲ, ಪಾಸಾದ ಮೇಲೆ ಬಂತು. ಕಿವಿಯಣ್ಣ ಸ್ಟೋರಿಗೆ ಹೋದ. ಒರೆಸುವ ಬಟ್ಟೆ ಎಣಿಸಿ ಕೊಡುವುದು ಅವನು ಹೆದರಿದ್ದಷ್ಟು ಕೆಟ್ಟದಾಗಿರಲಿಲ್ಲ. ಕೆಟ್ಟದ್ದು ಬೆಳಿಗ್ಗೆ ಗಾಡಿ ಬಂದು ನಿಲ್ಲುವ ಹೊತ್ತು. ಆಗ ಅವನು ಕೌಂಟರಿನ ಮೇಲೆ ಅಂಗೈ ಊರಿಕೊಂಡು ಸುಮ್ಮನೆ ನಿಲ್ಲುತ್ತಿದ್ದ.

ಏಳನೇ ಬುಧವಾರ ಡ್ರಮ್ಮಿಗೆ ಹೋಗುವುದೇ ಬೇಡ ಎಂದುಕೊಂಡಿದ್ದ. ಹೆಂಡತಿ ಬೇಕಂತಲೇ ಅವನ ಬಲಗಿವಿಯ ಹತ್ತಿರ ಬಂದು, "ಅಂಗಿ ಒಗೆದಿಟ್ಟಿದ್ದೀನಿ" ಎಂದಳು. ಅವಳಿಗೆ ಅವನ ಕಿವಿಯ ವಿಷಯ ಮೊದಲಿನಿಂದ ಗೊತ್ತಿತ್ತಂತೆ. ಅದನ್ನೂ ಅವನು ಆ ವಾರವೇ ತಿಳಿದದ್ದು.

ಶೆಡ್ಡಿನಲ್ಲಿ ಅವನ ಕುರ್ಚಿ ಹಾಗೇ ಇತ್ತು, ಮುಂದೆ ಡ್ರಮ್ಮು ಇರಲಿಲ್ಲ. ಮೇಡಂ ನಾಲ್ಕು ಹೊಸದು ತಂದು ಗೋಡೆಗೆ ಇಟ್ಟಿದ್ದಳು. ಎಲ್ಲರೂ ಅಭ್ಯಾಸದಂತೆ ಕಿವಿಯಣ್ಣನ ಕಡೆ ನೋಡಿ, ಆಮೇಲೆ ನೋಡಿದ್ದಕ್ಕೆ ಮುಜುಗರಪಟ್ಟುಕೊಂಡರು.

"ನೀನೇ ಆರಿಸಮ್ಮ," ಎಂದ ಅವನು ಗ್ರೀಸಕ್ಕನಿಗೆ.

ಅವಳು ಹೋಗಿ ಕುಕ್ಕರಗಾಲಲ್ಲಿ ಕೂತು, ಗೆಣ್ಣಿನಿಂದ ನಾಲ್ಕನ್ನೂ ತಟ್ಟಿದಳು. ಮೂರನೆಯದನ್ನು ಎತ್ತಿ ತಂದು ಅವನ ತೊಡೆಯ ಮೇಲಿಟ್ಟಳು. "ಇದು ಗಟ್ಟಿ ಇದೆ ಅಣ್ಣ."

ಅವನ ಬಲಗೈ ತಾನಾಗಿಯೇ ಮೇಲೆದ್ದಿತು, ಬೆರಳು ಮಡಚಿ ಗೆಣ್ಣು ಮುಂದೆ ಬಂತು. ಮರದ ಮೈಗೆ ಇನ್ನೇನು ತಾಗಬೇಕು. ಅವನು ಬೆರಳುಗಳನ್ನು ಬಿಡಿಸಿ, ಅಂಗೈಯನ್ನು ಚರ್ಮದ ಮೇಲಿಟ್ಟುಕೊಂಡ.

"ಸರಿ, ಶುರು ಮಾಡಿ," ಎಂದ ಮೇಡಮ್ಮಿಗೆ, ಎರಡೂ ಕಣ್ಣು ಮುಚ್ಚಿ.